ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯನ್ನು ಹೇಗೆ ಎತ್ತಿಡುವುದು, ಅದರಿಂದ ಏನೇನು ಮಾಡಬಹುದು?

ಹಾಸನದ ಸೊಸೆ, ಮಿಚಿಗನ್ | ಗುರುವಾರ ರಾತ್ರಿ 8:30

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಆರು ವರ್ಷವಾದರೂ ಇಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡದ್ದು ಇದೇ ಮೊದಲು. ಹದಿನಾಲ್ಕು ಜನರಿಗೆಂದು 18 ಪೌಂಡಿನ, ಅಂದರೆ 8 ಕಿಲೋಗೂ ಸ್ವಲ್ಪ ಹೆಚ್ಚು ತೂಗುವ ಟರ್ಕಿ ಕೋಳಿಯನ್ನು ತಂದಿದ್ದೆವು. ಮಧ್ಯಾಹ್ನದಿಂದ ಹಿಮ ಸುರಿದು ಎರಡು ಕುಟುಂಬದವರು ಮನೆಯಿಂದ ಹೊರಡಲಾಗಲಿಲ್ಲ, ಊಟಕ್ಕೆ ಕುಳಿತವರು ಆರೇ ಜನ. ಏಳು ಗಂಟೆಗೆ ಓವನ್‌ನಿಂದ ತೆಗೆದ ಕೋಳಿ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದಿದೆ. ಎದೆಯ ಒಂದು ಮಗ್ಗುಲನ್ನು ಯಾರೂ ಮುಟ್ಟಿಲ್ಲ, ತೊಡೆಗಳೆರಡೂ ಇಡಿಯಾಗಿವೆ, ಹೊಟ್ಟೆಯೊಳಗೆ ತುಂಬಿದ್ದ ಬ್ರೆಡ್ಡಿನ ಹೂರಣವೂ ಅಲ್ಲೇ ಇದೆ.

ಊರಿನಿಂದ ಬಂದಿರುವ ನಮ್ಮ ಅತ್ತೆಯವರು, ಬಿಸಿಯಾದದ್ದನ್ನು ಫ್ರಿಜ್ಜಿಗೆ ಇಡಬಾರದು, ಮುಚ್ಚಿಟ್ಟರೆ ಬೆಳಿಗ್ಗೆ ಹೊತ್ತಿಗೆ ಆರಿರುತ್ತದೆ ಎನ್ನುತ್ತಿದ್ದಾರೆ. ಹೊರಗೆ ಹೇಗೂ ಹಿಮ ಬಿದ್ದಿದೆ, ಟ್ರೇ ಸಮೇತ ಗರಾಜಿನಲ್ಲಿಟ್ಟರೆ ಸಾಕು ಎಂಬುದು ನಮ್ಮ ಯಜಮಾನರ ಮಾತು. ಯಾರ ಮಾತು ಕೇಳಲಿ? ಇನ್ನೊಂದು ವಿಷಯವೆಂದರೆ, ಹೋದ ವರ್ಷ ಸ್ನೇಹಿತರು ಕೊಟ್ಟು ಕಳಿಸಿದ ತುಂಡುಗಳನ್ನು ಮರುದಿನ ಬಿಸಿ ಮಾಡಿದಾಗ ಹಳೆಯ ಎಣ್ಣೆಯಂಥ ಕಮಟು ವಾಸನೆ ಬಂದು ಯಾರಿಗೂ ತಿನ್ನಲಾಗಲಿಲ್ಲ. ಇಷ್ಟು ದೊಡ್ಡ ಜೀವವನ್ನು ಕೊಯ್ದು ಬೇಯಿಸಿ ಕೊನೆಗೆ ಕಸಕ್ಕೆ ಹಾಕಲು ನನಗೆ ಮನಸ್ಸಿಲ್ಲ.

ಪ್ರಯೋಗಾಲಯದವನು, ಒಹಾಯೊ | ಗುರುವಾರ ರಾತ್ರಿ 8:36

ಅಕ್ಕ, ಇದನ್ನು ಓದಿದ ಕೂಡಲೇ ಅಡುಗೆಮನೆಗೆ ಹೋಗಿ. ಬೇಯಿಸಿದ ಮಾಂಸ ಹೊರಗೆ ಇರಬಹುದಾದದ್ದು ಎರಡು ಗಂಟೆ ಮಾತ್ರ ಎಂದು ಇಲ್ಲಿಯ ಕೃಷಿ ಇಲಾಖೆ ಹೇಳುತ್ತದೆ. ನಿಮಗಿನ್ನೂ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯವಿದೆ.

ಮೊದಲು ಹೂರಣವನ್ನೆಲ್ಲ ಚಮಚದಿಂದ ತೆಗೆದು ಬೇರೆ ಡಬ್ಬಕ್ಕೆ ಹಾಕಿ. ಆಮೇಲೆ ಎದೆಯ ಮಾಂಸವನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿ, ಬೆರಳು ದಪ್ಪದ ಹೋಳು ಮಾಡಿ. ತೊಡೆಯ ಮಾಂಸವನ್ನು ಕೈಯಿಂದಲೇ ಬಿಡಿಸಬಹುದು, ಬಿಸಿಯಿರುವಾಗ ಸುಲಭವಾಗಿ ಬರುತ್ತದೆ. ಎಲ್ಲವನ್ನೂ ಎರಡು ಇಂಚಿಗಿಂತ ಎತ್ತರವಿಲ್ಲದ ಅಗಲ ಡಬ್ಬಗಳಲ್ಲಿ ಹರಡಿ, ನೇರವಾಗಿ ಫ್ರಿಜ್ಜಿಗೆ ಇಡಿ. ಮೂಳೆಗಳನ್ನು ಎಸೆಯಬೇಡಿ, ಅವನ್ನೂ ಒಂದು ಚೀಲಕ್ಕೆ ಹಾಕಿ ಒಳಗಿಡಿ. ಗರಾಜು ಬೇಡ. ಅಲ್ಲಿಯ ಶಾಖ ನಿಮ್ಮ ಹಿಡಿತದಲ್ಲಿಲ್ಲ, ಜೊತೆಗೆ ಇಲಿ ಅಳಿಲುಗಳ ಕಾಟವೂ ಇದೆ. ಉಳಿದ ಪ್ರಶ್ನೆಗಳಿಗೆ ಆಮೇಲೆ ಉತ್ತರಿಸುತ್ತೇನೆ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯ | ಗುರುವಾರ ರಾತ್ರಿ 9:15

ನಾನು 1979ರಿಂದ ಈ ದೇಶದಲ್ಲಿದ್ದೇನೆ, ಇಂಥ ಹೆದರಿಕೆಯ ಮಾತುಗಳನ್ನು ಆಗಿನಿಂದಲೂ ಕೇಳುತ್ತಾ ಬಂದಿದ್ದೇನೆ. ನಮ್ಮಜ್ಜಿಯ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಕೋಳಿ ಸಾರು ಮಾಡಿದ ದಿನ ಮಡಕೆ ರಾತ್ರಿಯಿಡೀ ಒಲೆಯ ಮೇಲೆಯೇ ಇರುತ್ತಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರಳುವಂತೆ ಕುದಿಸುತ್ತಿದ್ದರು. ಮೂರನೆಯ ದಿನದ ಸಾರಿಗಿದ್ದ ರುಚಿ ಮೊದಲ ದಿನದ ಸಾರಿಗೆ ಇರುತ್ತಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಹಾಸನದ ಸೊಸೆಯವರೇ, ನಿಮ್ಮ ಅತ್ತೆಯವರ ಮಾತನ್ನು ತೀರ ತಳ್ಳಿಹಾಕಬೇಡಿ.

ಪ್ರಯೋಗಾಲಯದವನು, ಒಹಾಯೊ | ಗುರುವಾರ ರಾತ್ರಿ 9:40

ಹಿರಿಯರೇ, ನಿಮ್ಮಜ್ಜಿ ಮಾಡುತ್ತಿದ್ದುದರಲ್ಲಿ ತಿಳಿವಳಿಕೆ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರನ್ನು ಕಾಪಾಡಿದ್ದು ರಾತ್ರಿಯಿಡೀ ಹೊರಗಿಟ್ಟದ್ದಲ್ಲ, ದಿನಕ್ಕೆರಡು ಬಾರಿ ಮರಳುವಂತೆ ಕುದಿಸಿದ್ದು. ಈ ಎರಡನ್ನೂ ಬೇರೆ ಮಾಡಿ ನೋಡಬೇಕು.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯುತ್ತವೆ. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ, ಅದರಲ್ಲೂ ಗಾಳಿಯಾಡದ ತಳದಲ್ಲಿ, ಅವು ಮೊಳೆತು ಬೆಳೆಯುತ್ತವೆ. ಅನುಕೂಲವಾದ ಶಾಖ ಸಿಕ್ಕರೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಇದರಿಂದ ಜನ ಗುಂಪುಗುಂಪಾಗಿ ಕಾಯಿಲೆ ಬೀಳುವುದು ನವೆಂಬರ್ ಮತ್ತು ಡಿಸೆಂಬರ್ ತಿಂಗಳಲ್ಲೇ ಹೆಚ್ಚು, ಅನೇಕ ಸಲ ಅದಕ್ಕೆ ಕಾರಣ ಟರ್ಕಿ ಅಥವಾ ಹುರಿದ ದನದ ಮಾಂಸ ಎಂದು ಇಲ್ಲಿಯ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ (CDC) ಹೇಳುತ್ತದೆ. ಮತ್ತೆ ಚೆನ್ನಾಗಿ ಕುದಿಸಿದರೆ ಬೆಳೆದ ಬ್ಯಾಕ್ಟೀರಿಯಾ ಸಾಯುತ್ತವೆ ಎಂಬುದು ನಿಜ. ಆದರೆ ಈಗ ಎಷ್ಟು ಜನ ಹಾಗೆ ಕುದಿಸುತ್ತಾರೆ? ತಟ್ಟೆಗೆ ಎರಡು ಹೋಳು ಹಾಕಿಕೊಂಡು ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ತಿರುಗಿಸಿದರೆ ಅಂಚು ಸುಡುತ್ತದೆ, ನಡುವೆ ಉಗುರುಬೆಚ್ಚಗಿರುತ್ತದೆ. ಇನ್ನು ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಿಟ್ಟ ವಿಷವಾದರೆ ಕುದಿಸಿದರೂ ಹೋಗುವುದಿಲ್ಲ, ಮಾಂಸ ಬಿಡಿಸುವಾಗ ನಮ್ಮ ಕೈಯಿಂದಲೇ ಆ ಬ್ಯಾಕ್ಟೀರಿಯಾ ಸೇರಬಹುದು. ಆದ್ದರಿಂದಲೇ ಬೇಗ ತಣಿಸಬೇಕು ಎಂದು ಒತ್ತಿ ಹೇಳುತ್ತಿದ್ದೇನೆ.

ಬಿಸಿಯಾದದ್ದನ್ನು ಫ್ರಿಜ್ಜಿಗೆ ಇಡಬಾರದೆಂಬ ಮಾತಿಗೆ ಹಿಂದೆ ಅರ್ಥವಿತ್ತು. ಸಣ್ಣ ಫ್ರಿಜ್ಜು, ಆಗಾಗ ಹೋಗುವ ಕರೆಂಟು, ಒಳಗಿನ ಹಾಲು ಮೊಸರು ಬೆಚ್ಚಗಾಗುವ ಭಯ. ಈಗಿನ ಫ್ರಿಜ್ಜು ಅಗಲ ಡಬ್ಬದ ಬಿಸಿಯನ್ನು ತಡೆದುಕೊಳ್ಳುತ್ತದೆ. ಆದರೆ ಕುದಿಯುವ ಹತ್ತು ಲೀಟರ್ ಸಾರಿನ ಪಾತ್ರೆಯನ್ನು ಹಾಗೆಯೇ ಒಳಗಿಡಬಾರದು. ಅದನ್ನು ಸಣ್ಣ ಪಾತ್ರೆಗಳಿಗೆ ಹಂಚಿ, ಸಿಂಕಿನಲ್ಲಿ ಐಸ್ ನೀರು ತುಂಬಿ ಅದರಲ್ಲಿ ಕೂರಿಸಿ ತಣಿಸಿದ ಮೇಲೆ ಇಡಬೇಕು.

ಮಂಡ್ಯದ ಮುದ್ದೆ, ಟೆಕ್ಸಾಸ್ | ಗುರುವಾರ ರಾತ್ರಿ 10:05

ಅವರು ಹೇಳಿದ್ದು ಅಕ್ಷರಶಃ ನಿಜ. ನಾಲ್ಕು ವರ್ಷದ ಹಿಂದೆ ಟರ್ಕಿಯ ಮೂಳೆಗಳನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ರಾತ್ರಿ ಹನ್ನೊಂದಕ್ಕೆ ಒಲೆ ಆರಿಸಿ, ಮುಚ್ಚಿಟ್ಟು ಮಲಗಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ವಾಸನೆಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ಪಾತ್ರೆಯ ಹೊಟ್ಟೆ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಮಧ್ಯಾಹ್ನ ಮಕ್ಕಳಿಗೆ ಕುಡಿಯುವಷ್ಟೇ ಬೆಚ್ಚಗೆ ಮಾಡಿ ಸೂಪಿನಂತೆ ಕೊಟ್ಟೆ. ಆ ರಾತ್ರಿ ಮನೆಮಂದಿಗೆಲ್ಲ ಹೊಟ್ಟೆನೋವು ಮತ್ತು ಭೇದಿ. ಚಿಕ್ಕವಳಿಗೆ ಆಗ ಮೂರು ವರ್ಷ. ಅವಳು ಹೊಟ್ಟೆ ಹಿಡಿದುಕೊಂಡು ಅತ್ತದ್ದು ಈಗಲೂ ಕಣ್ಣಮುಂದಿದೆ. ಮೂಸಿ ನೋಡಿದರೆ ಗೊತ್ತಾಗುತ್ತದೆ ಎಂದು ದಯವಿಟ್ಟು ಯಾರೂ ನಂಬಬೇಡಿ.

ಹಾಸನದ ಸೊಸೆ, ಮಿಚಿಗನ್ | ಗುರುವಾರ ರಾತ್ರಿ 10:20

ಎಲ್ಲವನ್ನೂ ಬಿಡಿಸಿ ಐದು ಡಬ್ಬಗಳಲ್ಲಿ ಒಳಗಿಟ್ಟಿದ್ದೇನೆ, ಕೊನೆಯ ಡಬ್ಬ ಹೋಗುವಾಗ 8:57 ಆಗಿತ್ತು. ಹತ್ತು ಲೀಟರಿನ ವಿಷಯವನ್ನೂ ಕರೆಂಟಿನ ವಿಷಯವನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಅವರು ಒಪ್ಪಿಕೊಂಡು, ತಾವೇ ಕುಳಿತು ತೊಡೆಯ ಮಾಂಸ ಬಿಡಿಸಿಕೊಟ್ಟರು. ಇನ್ನು ಆ ಕಮಟು ವಾಸನೆಯ ಬಗ್ಗೆ ಯಾರಾದರೂ ತಿಳಿಸಿ.

ಕುಂದಾಪುರ ಕೈರುಚಿ, ನ್ಯೂಜೆರ್ಸಿ | ಶುಕ್ರವಾರ ಬೆಳಿಗ್ಗೆ 7:10

ಆ ವಾಸನೆ ಹುರಿದ ಟರ್ಕಿಗೆ ಅಂಟಿಬಂದ ದೋಷ. ನನಗೆ ತಿಳಿದ ಪರಿಹಾರ ಮಸಾಲೆ ಮಾತ್ರ. ಹಾಗೆಯೇ ಬಿಸಿ ಮಾಡಿದರೆ ವಾಸನೆ ಎದ್ದು ಬರುತ್ತದೆ, ಲವಂಗ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಸುಕ್ಕ ಮಾಡಿದರೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಎದೆಯ ಮಾಂಸವನ್ನು ಯಾವತ್ತೂ ಸಾರಿಗೆ ಹಾಕುವುದಿಲ್ಲ. ಅದು ಈಗಾಗಲೇ ಒಣಗಿರುತ್ತದೆ, ಮತ್ತೆ ಕುದಿಸಿದರೆ ನಾರುನಾರಾಗುತ್ತದೆ. ಕೈಯಿಂದ ಎಳೆ ಎಳೆಯಾಗಿ ಬಿಡಿಸಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ಪುಡಿ ಮಾಡಿ, ಈರುಳ್ಳಿ ಚೆನ್ನಾಗಿ ಕೆಂಪಾದ ಮೇಲೆ ಪುಡಿ ಹಾಕಿ, ತೆಂಗಿನ ತುರಿ ಬಾಡಿಸಿ, ಮಾಂಸವನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು. ಬೆಂದ ಮಾಂಸಕ್ಕೆ ಮಸಾಲೆ ಒಳಗಿಳಿಯಲಿ ಎಂದು ಅರ್ಧ ಗಂಟೆ ಬೇಯಿಸುವವರನ್ನು ಕಂಡಿದ್ದೇನೆ. ಅದು ಹಸಿ ಕೋಳಿಗೆ ಸರಿ, ಇದಕ್ಕಲ್ಲ. ಮಸಾಲೆಯನ್ನು ಪೂರ್ತಿ ಬೇಯಿಸಿಕೊಂಡು ಮಾಂಸವನ್ನು ಅದರಲ್ಲಿ ಬಿಸಿ ಮಾಡಿದರೆ ಸಾಕು.

ಪ್ರಯೋಗಾಲಯದವನು, ಒಹಾಯೊ | ಶುಕ್ರವಾರ ಬೆಳಿಗ್ಗೆ 8:00

ಕುಂದಾಪುರದವರ ಅನುಭವಕ್ಕೆ ಕಾರಣವೂ ಇದೆ. ಬೆಂದ ಮಾಂಸದಲ್ಲಿ ಬಿಡುಗಡೆಯಾಗುವ ಕಬ್ಬಿಣದಂಶವು ಕೊಬ್ಬಿನೊಂದಿಗೆ ಗಾಳಿಯ ಆಮ್ಲಜನಕ ಸೇರುವುದನ್ನು ಚುರುಕುಗೊಳಿಸುತ್ತದೆ, ಕಮಟು ವಾಸನೆ ಹುಟ್ಟುವುದು ಅದರಿಂದಲೇ. ಟರ್ಕಿಯ ಕೊಬ್ಬು ಇದಕ್ಕೆ ಬೇಗ ಒಳಗಾಗುತ್ತದೆ. ಲವಂಗದಂಥ ಮಸಾಲೆಗಳಲ್ಲಿ ಇದನ್ನು ತಡೆಯುವ ಗುಣವಿದೆ. ಹಾಗಾಗಿ ಮಸಾಲೆ ವಾಸನೆಯನ್ನು ಮುಚ್ಚುವುದು ಮಾತ್ರವಲ್ಲ, ಬೇಗ ಬೆರೆಸಿಟ್ಟರೆ ಅದು ಹುಟ್ಟುವುದನ್ನೂ ನಿಧಾನಿಸುತ್ತದೆ. ಮಾಂಸದ ಮೇಲೆ ಗ್ರೇವಿಯನ್ನಾಗಲಿ ಮೂಳೆಯ ರಸವನ್ನಾಗಲಿ ಮುಳುಗುವಷ್ಟು ಹುಯ್ದಿಟ್ಟರೆ ಗಾಳಿ ತಗಲುವುದಿಲ್ಲ.

ಮಂಡ್ಯದ ಮುದ್ದೆ, ಟೆಕ್ಸಾಸ್ | ಶುಕ್ರವಾರ ಬೆಳಿಗ್ಗೆ 9:25

ಸಾರಿಗೆ ಎದೆಯ ಮಾಂಸ ಸಲ್ಲದು ಎಂಬುದನ್ನು ನಾನು ಒಪ್ಪುವುದಿಲ್ಲ. ಸಾರಿನ ರುಚಿ ಇರುವುದು ಮೂಳೆಯಲ್ಲಿ, ಮಾಂಸ ಯಾವುದಾದರೇನು? ನಾನು ಮಾಡುವ ಕ್ರಮ ಹೀಗಿದೆ. ಮೂಳೆಗಳನ್ನು ಕೀಲಿನಲ್ಲಿ ಮುರಿದು ಕುಕ್ಕರಿಗೆ ಹಾಕಿ, ಮುಳುಗುವಷ್ಟು ನೀರು, ಜಜ್ಜಿದ ಶುಂಠಿ, ಒಂದು ಇಡೀ ಈರುಳ್ಳಿ, ಹತ್ತು ಕಾಳುಮೆಣಸು ಸೇರಿಸಿ, ಒಂದು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುತ್ತೇನೆ. ಉಪ್ಪು ಹಾಕುವುದಿಲ್ಲ, ಏಕೆಂದರೆ ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಎಷ್ಟೋ ಟರ್ಕಿಗಳಿಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ, ಮೂಳೆಯ ರಸ ತಾನಾಗಿಯೇ ಉಪ್ಪಾಗಿ ಬರುತ್ತದೆ. ಸೋಸಿ, ತಣಿಸಿ, ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿ ಅಲುಗಾಡುತ್ತಿರುತ್ತದೆ. ಮೇಲೆ ಬಿಳಿಯ ಕೊಬ್ಬು ರೊಟ್ಟಿಯಂತೆ ಕಟ್ಟಿರುತ್ತದೆ, ಅದನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಬಹುದು.

ಧನಿಯ, ಬ್ಯಾಡಗಿ, ಚಕ್ಕೆ, ಲವಂಗ, ಗಸಗಸೆ ಹುರಿದು, ಕಾಯಿ ಮತ್ತು ಕೊತ್ತಂಬರಿ ಸೊಪ್ಪಿನ ಜೊತೆ ರುಬ್ಬಿ, ಆ ರಸದಲ್ಲಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಇಳಿಸುವ ಐದು ನಿಮಿಷ ಮೊದಲು ಮಾಂಸ ಹಾಕಿದರೆ ಎದೆಯ ಹೋಳೂ ಮೆತ್ತಗೇ ಇರುತ್ತದೆ. ಮುದ್ದೆಯ ಜೊತೆ ಉಂಡು ನೋಡಿ, ಆಮೇಲೆ ಹೇಳಿ.

ಕುಂದಾಪುರ ಕೈರುಚಿ, ನ್ಯೂಜೆರ್ಸಿ | ಶುಕ್ರವಾರ ಬೆಳಿಗ್ಗೆ 9:40

ಐದು ನಿಮಿಷವಾದರೆ ನನ್ನ ತಕರಾರಿಲ್ಲ. ನಾನು ಹೇಳಿದ್ದು ಅರ್ಧ ಗಂಟೆ ಕುದಿಸುವವರಿಗೆ.

ವಿದ್ಯಾರ್ಥಿ, ಇಂಡಿಯಾನ | ಶುಕ್ರವಾರ ಮಧ್ಯಾಹ್ನ 12:15

ನಮ್ಮ ಪ್ರಾಧ್ಯಾಪಕರ ಮನೆಯಿಂದ ಸುಮಾರು ಎರಡು ಕಿಲೋ ಮಾಂಸ ಕಟ್ಟಿಕೊಟ್ಟಿದ್ದಾರೆ. ಕೋಣೆಯಲ್ಲಿ ಒಂದು ಮೈಕ್ರೋವೇವ್ ಮತ್ತು ರೈಸ್ ಕುಕ್ಕರ್ ಬಿಟ್ಟರೆ ಬೇರೇನೂ ಇಲ್ಲ. ಇದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ಒಂದು ವಾರ ತಿನ್ನಬಹುದೆಂದು ನನ್ನ ಸ್ನೇಹಿತ ಹೇಳುತ್ತಾನೆ.

ಪ್ರಯೋಗಾಲಯದವನು, ಒಹಾಯೊ | ಶುಕ್ರವಾರ ಮಧ್ಯಾಹ್ನ 12:40

ಒಂದು ವಾರ ಖಂಡಿತ ಬೇಡ. 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ದಿನ. ಗುರುವಾರದ್ದನ್ನು ಸೋಮವಾರದೊಳಗೆ ಮುಗಿಸಬೇಕು, ಅಷ್ಟು ತಿನ್ನಲಾಗದೆಂದು ತೋರಿದರೆ ಅರ್ಧವನ್ನು ಇವತ್ತೇ ಫ್ರೀಜರಿಗೆ ಹಾಕಿ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮಾಂಸ ಕೆಡುವುದಿಲ್ಲ, ಆದರೆ ರುಚಿ ಚೆನ್ನಾಗಿರುವುದು ಎರಡರಿಂದ ಆರು ತಿಂಗಳವರೆಗೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ನಡುವೆ ಒಮ್ಮೆ ತಿರುವಿ ಹಾಕಿ, ತೆಗೆದ ಮೇಲೆ ಎರಡು ನಿಮಿಷ ಹಾಗೆಯೇ ಬಿಡಿ. ಮಾಂಸದ ನಡುವಿನ ಶಾಖ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್ ಮುಟ್ಟಬೇಕು. ಎರಡು ಕಿಲೋವನ್ನೂ ಪ್ರತಿದಿನ ಬಿಸಿ ಮಾಡಿ ಮತ್ತೆ ಒಳಗಿಡಬೇಡಿ, ಆ ಹೊತ್ತಿಗೆ ಬೇಕಾದಷ್ಟನ್ನೇ ತೆಗೆಯಿರಿ.

ಹಿರಿಯ ಸದಸ್ಯ, ಕ್ಯಾಲಿಫೋರ್ನಿಯ | ಶುಕ್ರವಾರ ಮಧ್ಯಾಹ್ನ 1:30

ರೈಸ್ ಕುಕ್ಕರ್ ಇದ್ದರೆ ಪಲಾವ್ ಆಗುತ್ತದಲ್ಲ, ತಮ್ಮ. ಪುದೀನ, ಕೊತ್ತಂಬರಿ, ಹಸಿಮೆಣಸು, ಶುಂಠಿ ಬೆಳ್ಳುಳ್ಳಿ ರುಬ್ಬಿಸಿಕೊಂಡು ಅಕ್ಕಿಯ ಜೊತೆ ಬೇಯಲು ಬಿಡು. ಕುಕ್ಕರ್ ನಿಲ್ಲುವ ಹೊತ್ತಿಗೆ ಬಿಸಿ ಮಾಡಿದ ಟರ್ಕಿಯನ್ನು ಮೇಲೆ ಹರಡಿ ಹತ್ತು ನಿಮಿಷ ದಮ್ಮಿಗೆ ಬಿಡು. ನೀರಿನ ಬದಲು ಮೂಳೆಯ ರಸ ಹಾಕಿದರೆ ಇನ್ನೂ ಒಳ್ಳೆಯದು. ನಿನ್ನೆ ಪ್ರಯೋಗಾಲಯದವರು ಹೇಳಿದ್ದನ್ನು ಮತ್ತೊಮ್ಮೆ ಓದಿದೆ. ನಮ್ಮಜ್ಜಿಯ ಕುದಿಸುವ ಕ್ರಮವೇ ಕಾಪಾಡಿತೆಂಬ ಮಾತು ನನಗೆ ಸರಿಯೆನಿಸಿತು.

ಪ್ರಯೋಗಾಲಯದವನು, ಒಹಾಯೊ | ಶುಕ್ರವಾರ ಮಧ್ಯಾಹ್ನ 1:45

ಧನ್ಯವಾದಗಳು, ಹಿರಿಯರೇ. ಪಲಾವಿನ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಉಳಿದ ಅನ್ನವನ್ನೂ ರೈಸ್ ಕುಕ್ಕರಿನಲ್ಲಿ ರಾತ್ರಿಯೆಲ್ಲ ಆರಲು ಬಿಡಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅನ್ನದಲ್ಲಿ ಬೆಳೆದರೆ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸಸ್ಯಾಹಾರಿ, ಸಿಯಾಟಲ್ | ಶುಕ್ರವಾರ ಸಂಜೆ 4:20

ನನ್ನ ಪ್ರಶ್ನೆ ಸ್ವಲ್ಪ ಬೇರೆ. ನಾವು ಮಾಂಸ ತಿನ್ನುವುದಿಲ್ಲ, ಆದರೆ ಕಚೇರಿಯಲ್ಲಿ ಎಲ್ಲರಿಗೂ ಕೊಟ್ಟಂತೆ ನನಗೂ ಹಿಮಗಟ್ಟಿದ ಇಡೀ ಟರ್ಕಿಯನ್ನು ಕೊಟ್ಟಿದ್ದಾರೆ. ಪಕ್ಕದ ಮನೆಯವರು ತಮ್ಮಲ್ಲಿ ಉಳಿದ ಅಡುಗೆಯನ್ನೂ ನನ್ನದರ ಜೊತೆ, ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ತಲುಪಿಸಲು ಕೇಳುತ್ತಿದ್ದಾರೆ. ತೆಗೆದುಕೊಳ್ಳುತ್ತಾರೆಯೇ?

ಕೊಡಗಿನವನು, ಮಿನೆಸೋಟ | ಶುಕ್ರವಾರ ಸಂಜೆ 5:00

ಹಿಮಗಟ್ಟಿದ, ಬಿಚ್ಚದ ಟರ್ಕಿಯನ್ನು ಸಾಮಾನ್ಯವಾಗಿ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ದಾರಿಯಲ್ಲಿ ಕರಗದಂತೆ ನೋಡಿಕೊಳ್ಳಿ, ಹೊರಡುವ ಮೊದಲು ಒಮ್ಮೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ಬೇಯಿಸಿ ಉಳಿದದ್ದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅದನ್ನು ಗುರುತಿನ ಮನೆಗಳಿಗೇ ಹಂಚಬೇಕು.

ನಾನಿರುವ ಈ ರಾಜ್ಯ ಅಮೆರಿಕದಲ್ಲೇ ಅತಿ ಹೆಚ್ಚು ಟರ್ಕಿ ಸಾಕುವ ರಾಜ್ಯ, ಹಾಗಾಗಿ ಹಬ್ಬವಿಲ್ಲದಾಗಲೂ ನಾವು ಇದನ್ನು ತರುತ್ತೇವೆ. ತೊಡೆಯ ಮಾಂಸಕ್ಕೆ ನಮ್ಮ ಕಡೆಯ ಕಪ್ಪು ಹುಳಿರಸವಾದ ಕಾಚಂಪುಳಿಯಷ್ಟು ಒಪ್ಪುವುದು ಬೇರೊಂದಿಲ್ಲ. ಹುರಿದ ಜೀರಿಗೆ, ಸಾಸಿವೆ, ಕಾಳುಮೆಣಸಿನ ಪುಡಿಯಲ್ಲಿ ಮಾಂಸ ಹೊರಳಿಸಿ, ಒಲೆ ಆರಿಸುವಾಗ ಅರ್ಧ ಚಮಚ ಕಾಚಂಪುಳಿ ಹಾಕಿ ನೋಡಿ. ಹಂದಿ ಕರಿಯ ಬಣ್ಣವೇ ಬರುತ್ತದೆ. ಮನೆಯಲ್ಲಿ ನಾಯಿ ಇರುವವರಿಗೆ ಒಂದು ಮಾತು. ಬೆಂದ ಮೂಳೆ ಚೂಪಾಗಿ ಸೀಳಿಕೊಂಡು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ, ಈರುಳ್ಳಿ ಬೆಳ್ಳುಳ್ಳಿಯೂ ನಾಯಿಗೆ ವಿಷ. ಪ್ರೀತಿಯಿಂದ ತಟ್ಟೆಯ ಉಳಿಕೆಯನ್ನು ಹಾಕಬೇಡಿ.

ಓದುಗ, ಬೆಂಗಳೂರು | ಶನಿವಾರ ಬೆಳಿಗ್ಗೆ 6:30

ಅಡುಗೆಯ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಾಸನದ ಸೊಸೆಯವರ ಅತ್ತೆಯವರಿಗೆ ಈ ಹಕ್ಕಿ ಹೊಸದೆನಿಸಿದ್ದರೆ ತಿಳಿಸಿ, ಇದು ನಮ್ಮ ದೇಶಕ್ಕೆ ಬಂದು ನಾಲ್ಕು ನೂರು ವರ್ಷ ಮೀರಿದೆ. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಒಯ್ದ ಅಪರೂಪದ ಪ್ರಾಣಿಪಕ್ಷಿಗಳಲ್ಲಿ ಟರ್ಕಿಯೂ ಇತ್ತು. ಅದನ್ನು ನೋಡಿ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಚಿತ್ರ ಈಗ ಲಂಡನ್ನಿನಲ್ಲಿದೆ. ಹಕ್ಕಿ ಮೂಲತಃ ಅಮೆರಿಕ ಖಂಡದ್ದು. ಇಂಗ್ಲಿಷರು ಅದಕ್ಕೆ ಟರ್ಕಿ ಎಂದರೆ, ಟರ್ಕಿ ದೇಶದವರು ಭಾರತದ್ದೆಂಬ ಅರ್ಥದಲ್ಲಿ ಹಿಂದಿ ಎಂದು ಕರೆಯುತ್ತಾರೆ.

ಮಂಡ್ಯದ ಮುದ್ದೆ, ಟೆಕ್ಸಾಸ್ | ಶನಿವಾರ ಬೆಳಿಗ್ಗೆ 8:10

ಒಳ್ಳೆಯ ಮಾಹಿತಿ. ಫ್ರೀಜರಿನ ವಿಷಯಕ್ಕೆ ಬರೋಣ. ನನ್ನ ಅನುಭವದಲ್ಲಿ ಕಾಯಿ ಹಾಲು ಹಾಕಿದ ಗಸಿ, ಹಾಲು ಮೈದಾ ಹಾಕಿದ ಗ್ರೇವಿ, ಆಲೂಗಡ್ಡೆ ಇರುವ ಪಲ್ಯ ಇವು ಮೂರೂ ಕರಗಿಸಿದಾಗ ಒಡೆದೋ ನೀರಾಗಿಯೋ ಕೆಡುತ್ತವೆ. ಆದ್ದರಿಂದ ಮಾಂಸವನ್ನೂ ಸಪ್ಪೆ ರಸವನ್ನೂ ಮಾತ್ರ ಫ್ರೀಜರಿಗೆ ಹಾಕಿ, ಕಾಯಿ ಮಸಾಲೆಯನ್ನು ಉಣ್ಣುವ ದಿನ ರುಬ್ಬಿಕೊಳ್ಳಿ. ಒಂದೂಟಕ್ಕೆ ಆಗುವಷ್ಟನ್ನು ಒಂದೊಂದು ಜಿಪ್ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಪುಸ್ತಕದಂತೆ ಚಪ್ಪಟೆಯಾಗಿ ಮಲಗಿಸಿದರೆ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ.

ಹಾಸನದ ಸೊಸೆ, ಮಿಚಿಗನ್ | ಭಾನುವಾರ ಸಂಜೆ 6:45

ಎಲ್ಲರಿಗೂ ತುಂಬ ಧನ್ಯವಾದಗಳು. ಶುಕ್ರವಾರ ಮೂಳೆಯ ರಸ ತೆಗೆದೆವು. ಮೂರೂವರೆ ಲೀಟರ್ ಬಂತು, ಮಂಡ್ಯದವರು ಹೇಳಿದಂತೆ ಉಪ್ಪು ಹಾಕದಿದ್ದರೂ ಸಾಕಷ್ಟು ಉಪ್ಪಾಗಿತ್ತು. ಶನಿವಾರ ಅತ್ತೆಯವರೇ ಮಸಾಲೆ ರುಬ್ಬಿ ಸಾರು ಮಾಡಿದರು. ತೊಡೆಯ ಮಾಂಸ ಹಾಕಿದ್ದರಿಂದ ನಾಟಿಕೋಳಿಯ ಹತ್ತಿರಕ್ಕೆ ಬಂತೆಂದು ಅವರೇ ಹೇಳಿದರು, ಎರಡನೆಯ ಬಾರಿ ಬಡಿಸಿಕೊಂಡರು. ಇವತ್ತು ಎದೆಯ ಮಾಂಸದಿಂದ ಸುಕ್ಕ ಮಾಡಿದೆ. ಕಮಟು ವಾಸನೆ ಎಲ್ಲೂ ಇರಲಿಲ್ಲ. ಕಾಚಂಪುಳಿ ಸಿಗಲಿಲ್ಲ, ನಿಂಬೆರಸ ಹಿಂಡಿದೆ. ಹೂರಣವನ್ನು ಮಾತ್ರ ಉಳಿಸಿಕೊಳ್ಳಲಿಲ್ಲ, ಶುಕ್ರವಾರ ಬೆಳಿಗ್ಗೆಯೇ ಚೆನ್ನಾಗಿ ಬಿಸಿ ಮಾಡಿ ತಿಂದು ಮುಗಿಸಿದೆವು.

ಉಳಿದದ್ದು ನಾಲ್ಕು ಚೀಲಗಳಾಗಿ ಫ್ರೀಜರಿನಲ್ಲಿದೆ. ಒಂದೊಂದರ ಮೇಲೂ ಅತ್ತೆಯವರು ದಿನಾಂಕವನ್ನು ಕನ್ನಡ ಅಂಕಿಗಳಲ್ಲಿ ಬರೆದು, ಪಕ್ಕದಲ್ಲಿ ತೊಡೆ, ಎದೆ, ರಸ ಎಂದು ಗುರುತು ಹಾಕಿದ್ದಾರೆ. ಕರಗಿಸುವಾಗ ಹೊರಗೆ ಇಡಬಹುದೇ?

ಪ್ರಯೋಗಾಲಯದವನು, ಒಹಾಯೊ | ಭಾನುವಾರ ರಾತ್ರಿ 7:05

ಹೊರಗೆ ಬೇಡ, ಅಕ್ಕ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿಡಿ, ಚಪ್ಪಟೆ ಚೀಲವಾದ್ದರಿಂದ ಮರುದಿನ ಬೆಳಿಗ್ಗೆ ಹೊತ್ತಿಗೆ ಕರಗಿರುತ್ತದೆ. ಮರೆತಿದ್ದರೆ ಹೆಪ್ಪುಗಟ್ಟಿದ ರಸವನ್ನು ಚೀಲದಿಂದ ಬಿಡಿಸಿ ಹಾಗೆಯೇ ಪಾತ್ರೆಗೆ ಹಾಕಿ ಮರಳುವಂತೆ ಕುದಿಸಿ.